ಪಿಸ್ತಾ ಪರಿಮಳದ ಪುರಾತನ ನಗರ ಗಾಜಿಯಾಂಟೆಪ್

ಟರ್ಕಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಇಸ್ತಾಂಬುಲ್, ಅಲ್ಲಿನ ಗುಮ್ಮಟಗಳು, ಗಗನಚುಂಬಿ ಮಿನಾರುಗಳು. ಆದರೆ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಅಲ್ಲಿನವರನ್ನೇ ಕೇಳಿದರೆ ಹಲವರು ಹೇಳುವ ಹೆಸರು ಗಾಜಿಯಾಂಟೆಪ್. ದೇಶದ ಆಗ್ನೇಯ ಭಾಗದಲ್ಲಿ, ಸಿರಿಯಾದ ಗಡಿಗೆ ಸಮೀಪದಲ್ಲಿರುವ ಈ ನಗರವನ್ನು ಯುನೆಸ್ಕೊ 2015ರಲ್ಲಿ ಪಾಕಕಲೆಗಾಗಿ ತನ್ನ ‘ಸೃಜನಶೀಲ ನಗರ’ಗಳ ಪಟ್ಟಿಗೆ ಸೇರಿಸಿತು. ಊರಿನ ಹಳೆಯ ಹೆಸರು ಆಂಟೆಪ್. ಫ್ರೆಂಚ್ ಸೇನೆಯನ್ನು ತಿಂಗಳುಗಟ್ಟಲೆ ಎದುರಿಸಿ ನಿಂತದ್ದಕ್ಕಾಗಿ 1921ರಲ್ಲಿ ಟರ್ಕಿಯ ಸಂಸತ್ತು ‘ಗಾಜಿ’, ಅಂದರೆ ವೀರಯೋಧ, ಎಂಬ ಬಿರುದನ್ನು ಊರಿಗೇ ಕೊಟ್ಟಿತು!

ನೀರಿನಡಿ ಸೇರಿದ ಊರು

ಗಾಜಿಯಾಂಟೆಪ್‌ನಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ಹೋದರೆ ಯೂಫ್ರೆಟಿಸ್ ನದಿ. ಅದರ ದಡದಲ್ಲಿ ಕ್ರಿ.ಪೂ. 300ರ ಸುಮಾರಿಗೆ ಸೆಲ್ಯೂಕಸ್ ನಿಕೇಟರ್ ಒಂದು ಪಟ್ಟಣವನ್ನು ಕಟ್ಟಿಸಿದ. ಹೌದು, ಚಂದ್ರಗುಪ್ತ ಮೌರ್ಯನೊಡನೆ ಒಪ್ಪಂದ ಮಾಡಿಕೊಂಡು ಐನೂರು ಆನೆಗಳನ್ನು ಪಡೆದನೆಂದು ನಮ್ಮ ಪಠ್ಯಪುಸ್ತಕಗಳು ಹೇಳುವ ಅದೇ ಸೆಲ್ಯೂಕಸ್. ನದಿ ದಾಟುವ ಈ ಸ್ಥಳಕ್ಕೆ ‘ಜ್ಯೂಗ್ಮಾ’ ಎಂಬ ಹೆಸರು ನಿಂತಿತು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಜೋಡಣೆ’. ನಾವು ಬಳಸುವ ‘ಯುಗ್ಮ’, ‘ಯೋಗ’ ಶಬ್ದಗಳು ಇದೇ ಭಾಷಾಕುಟುಂಬದ ಬೇರಿನಿಂದ ಬಂದವು.

ರೋಮನ್ನರ ಕಾಲದಲ್ಲಿ ಜ್ಯೂಗ್ಮಾ ಶ್ರೀಮಂತವಾಯಿತು. ವರ್ತಕರೂ ಸೇನಾಧಿಕಾರಿಗಳೂ ತಮ್ಮ ಮನೆಯ ನೆಲಕ್ಕೆ ಬಣ್ಣಬಣ್ಣದ ಪುಟ್ಟ ಕಲ್ಲುಗಳನ್ನು ಜೋಡಿಸಿ ದೇವತೆಗಳ, ಮೀನುಗಳ, ಪುರಾಣಕಥೆಗಳ ಚಿತ್ರಗಳನ್ನು ಮಾಡಿಸಿದರು. ಕ್ರಿ.ಶ. 3ನೆಯ ಶತಮಾನದಲ್ಲಿ ಪರ್ಷಿಯದ ದೊರೆ ಶಾಪುರ್ ಪಟ್ಟಣವನ್ನು ಹಾಳುಗೆಡವಿದ. ಕುಸಿದ ಗೋಡೆಗಳ ಮಣ್ಣೇ ಆ ನೆಲದ ಚಿತ್ರಗಳನ್ನು ಶತಮಾನಗಳ ಕಾಲ ಮುಚ್ಚಿಟ್ಟು ಕಾಪಾಡಿತು.

ವಿದ್ಯುತ್ತಿಗೂ ನೀರಾವರಿಗೂ ಯೂಫ್ರೆಟಿಸ್‌ಗೆ ಬಿರೆಜಿಕ್ ಅಣೆಕಟ್ಟು ಕಟ್ಟಿದಾಗ ಜ್ಯೂಗ್ಮಾದ ಕೆಳಭಾಗ ಮುಳುಗಡೆಯ ಪ್ರದೇಶಕ್ಕೆ ಸೇರಿತು. 2000ದಲ್ಲಿ ನೀರು ದಿನದಿನಕ್ಕೆ ಏರುತ್ತಿದ್ದಂತೆ ಹಲವು ದೇಶಗಳ ಪುರಾತತ್ತ್ವಜ್ಞರು ಬಂದು ಅವಸರದಲ್ಲಿ ಅಗೆದರು, ಸಿಕ್ಕಷ್ಟನ್ನು ಎತ್ತಿ ಸಾಗಿಸಿದರು. ಉಳಿದದ್ದು ನೀರಿನಡಿ ಹೋಯಿತು. ಹೊಲಕ್ಕೆ ನೀರು ಬೇಡವೇ? ಬೇಕು. ಪೂರ್ವಜರ ಕುರುಹು ಬೇಡವೇ? ಅದೂ ಬೇಕು. ಎರಡನ್ನೂ ತೂಗಿ ನೋಡುವ ಕೆಲಸ ಅಣೆಕಟ್ಟಿಗೆ ನಕ್ಷೆ ಬರೆಯುವ ದಿನವೇ ಆಗಬೇಕಲ್ಲದೆ, ನೀರು ಹೊಸ್ತಿಲಿಗೆ ಬಂದಾಗ ಅಲ್ಲ.

ಉಳಿಸಿದ ಚಿತ್ರಗಳಿಗಾಗಿ 2011ರಲ್ಲಿ ತೆರೆದ ಜ್ಯೂಗ್ಮಾ ವಸ್ತುಸಂಗ್ರಹಾಲಯವೇ ಇಂದು ಊರಿನ ಮುಖ್ಯ ಆಕರ್ಷಣೆ. ಕತ್ತಲು ಕೋಣೆಯೊಂದರಲ್ಲಿ ಬೆಳಕು ಬಿಟ್ಟು ತೋರಿಸುವ ‘ಅಲೆಮಾರಿ ಹುಡುಗಿ’ಯ ಮುಖವನ್ನು ಮರೆಯುವುದು ಕಷ್ಟ. ಎಲ್ಲಿ ನಿಂತರೂ ಅವಳ ಕಣ್ಣು ನಮ್ಮನ್ನೇ ನೋಡುವಂತೆ ತೋರುತ್ತದೆ. 1960ರ ದಶಕದಲ್ಲಿ ಕಳ್ಳರು ಇದೇ ನೆಲದಿಂದ ಕಿತ್ತೊಯ್ದ 12 ತುಂಡುಗಳು ಅಮೆರಿಕದ ಒಂದು ವಿಶ್ವವಿದ್ಯಾಲಯ ಸೇರಿದ್ದವು. 2018ರಲ್ಲಿ ಅವು ತವರಿಗೆ ಮರಳಿದವು.

ಮಾವಿನ ದಾಯಾದಿ

ಈ ಊರಿನ ಜೀವಾಳ ಪಿಸ್ತಾ. ಟರ್ಕಿಯವರು ಅದನ್ನು ಕರೆಯುವುದೇ ‘ಆಂಟೆಪ್ ಬೀಜ’ ಎಂದು. ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೆಂದರೆ, ಮಾವು, ಗೇರು, ಪಿಸ್ತಾ ಮೂರೂ ಒಂದೇ ಸಸ್ಯಕುಟುಂಬದವು. ಮಾವಿನಂತೆ ಪಿಸ್ತಾ ಕೂಡ ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಕೈಕೊಡುತ್ತದೆ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂವಿಗೆ ದಳವಿಲ್ಲ, ಪರಾಗವನ್ನು ಒಯ್ಯುವುದು ಗಾಳಿ. ಗಂಡು ಮರವಿಲ್ಲದ ತೋಟದಲ್ಲಿ ಎಷ್ಟು ಗೊಬ್ಬರ ಹಾಕಿದರೂ ಬೀಜ ಕಟ್ಟದು.

ಸಿಹಿತಿಂಡಿಗೆ ಬೇಕಾದ ಪಿಸ್ತಾವನ್ನು ಪೂರ್ತಿ ಮಾಗುವ ಮೊದಲೇ ಕೊಯ್ಯುತ್ತಾರೆ. ಆಗ ಪತ್ರಹರಿತ್ತು ಹೆಚ್ಚಿದ್ದು ತಿರುಳು ಅಚ್ಚ ಹಸಿರಾಗಿರುತ್ತದೆ, ಪರಿಮಳವೂ ಹೆಚ್ಚು. ಇದು ಸೇರುವುದು ಬಕ್ಲಾವಕ್ಕೆ. ನಮ್ಮ ಚಿರೋಟಿಯ ಪದರುಗಳನ್ನು ಬಲ್ಲವರಿಗೆ ಬಕ್ಲಾವ ಅಪರಿಚಿತವಲ್ಲ. ಗೋಧಿ ಹಿಟ್ಟಿನ ಕಣಕವನ್ನು ಆಚೆಯದು ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಹಾಳೆಯ ಮೇಲೆ ಹಾಳೆ ಹಾಸಿ, ನಡುವೆ ಪಿಸ್ತಾ ತುಂಬಿ, ತುಪ್ಪ ಸುರಿದು ಒಲೆಗೂಡಿನಲ್ಲಿ ಬೇಯಿಸುತ್ತಾರೆ. ಹಾಳೆಯೊಳಗಿನ ನೀರು ಆವಿಯಾಗಿ ಹಿಗ್ಗುತ್ತದೆ; ತುಪ್ಪ ಪದರುಗಳನ್ನು ಅಂಟಗೊಡುವುದಿಲ್ಲ; ಹೀಗಾಗಿ ಅವು ಬಿಡಿಬಿಡಿಯಾಗಿ ಗರಿಗರಿಯಾಗುತ್ತವೆ. ಕೊನೆಗೆ ಬಿಸಿ ಪಾಕ. ಐರೋಪ್ಯ ಒಕ್ಕೂಟ 2013ರಲ್ಲಿ ಆಂಟೆಪ್ ಬಕ್ಲಾವಕ್ಕೆ ಭೌಗೋಳಿಕ ಗುರುತಿನ ರಕ್ಷಣೆ ನೀಡಿತು. ಟರ್ಕಿಯ ಪದಾರ್ಥವೊಂದಕ್ಕೆ ಅಂಥ ಗೌರವ ಸಿಕ್ಕಿದ್ದು ಅದೇ ಮೊದಲು.

ಅಲ್ಲಿಯೂ ಕಲಾಯಿ

ಹಳೆಯ ಪೇಟೆಯಲ್ಲಿ ತಾಮ್ರದ ಪಾತ್ರೆ ಬಡಿಯುವ ಸದ್ದು ಕೇಳುತ್ತದೆ. ಅಲ್ಲಿ ತವರಕ್ಕೆ ‘ಕಲಾಯ್’ ಎನ್ನುತ್ತಾರೆ. ಹಿಂದೆ ನಮ್ಮ ಬೀದಿಗಳಲ್ಲಿ ‘ಕಲಾಯಿ, ಕಲಾಯಿ’ ಎಂದು ಕೂಗುತ್ತ ಬರುತ್ತಿದ್ದವರ ಕಸುಬೂ ಶಬ್ದವೂ ಇವೇ. ಹುಳಿ ಪದಾರ್ಥ ತಾಮ್ರದೊಡನೆ ಸೇರಿದರೆ ವಿಷಕಾರಿ ಲವಣಗಳಾಗುತ್ತವೆ. ಆದ್ದರಿಂದ ಪಾತ್ರೆಯನ್ನು ಕಾಯಿಸಿ, ನವಸಾಗರ ತಿಕ್ಕಿ ಕಿಲುಬು ತೆಗೆದು, 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ತವರವನ್ನು ಒಳಗೆ ಸವರುತ್ತಾರೆ. ರಸಾಯನಶಾಸ್ತ್ರದ ಪಾಠವೊಂದು ಬೀದಿಯಲ್ಲೇ ನಡೆಯುತ್ತದೆ.

ನೆಲ ನಡುಗಿದಾಗ

2023ರ ಫೆಬ್ರುವರಿ 6ರ ನಸುಕಿನಲ್ಲಿ, ಜನ ಗಾಢ ನಿದ್ರೆಯಲ್ಲಿದ್ದಾಗ, 7.8 ಪ್ರಮಾಣದ ಭೂಕಂಪವಾಯಿತು. ಮಧ್ಯಾಹ್ನ ಮತ್ತೊಂದು, 7.5ರದು. ಅರೇಬಿಯನ್ ಫಲಕ ಮತ್ತು ಅನಟೋಲಿಯನ್ ಫಲಕ ಉಜ್ಜಿಕೊಳ್ಳುವ ಸ್ತರಭಂಗ ಇಲ್ಲಿ ಹಾದುಹೋಗಿದೆ. ಟರ್ಕಿಯೊಂದರಲ್ಲೇ 53,000ಕ್ಕೂ ಹೆಚ್ಚು ಜನ ಸತ್ತರು. ರೋಮನ್ನರ ಕಾಲದಿಂದ ಬೆಳೆದುಬಂದ ಗಾಜಿಯಾಂಟೆಪ್ ಕೋಟೆಯ ಬುರುಜುಗಳು ಉರುಳಿದವು. ಪಕ್ಕದ ಶಿರ್ವಾನಿ ಮಸೀದಿಯ ಗುಮ್ಮಟವೂ ಕುಸಿಯಿತು.

ಪ್ರಮಾಣದಲ್ಲಿ ಒಂದು ಅಂಕ ಏರಿದರೆ ಹೊಮ್ಮುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 1993ರಲ್ಲಿ ನಮ್ಮ ಗಡಿಯಾಚೆ ಲಾತೂರಿನ ಕಿಲ್ಲಾರಿಯಲ್ಲಿ ಆದ ಭೂಕಂಪ 6.2ರದು. ಅದಕ್ಕಿಂತ ಇದು ಸುಮಾರು 250 ಪಟ್ಟು ಶಕ್ತಿಯದು. ಹಾಗಿದ್ದರೂ ಕಿಲ್ಲಾರಿಯ ಸುತ್ತ ಸುಮಾರು ಹತ್ತು ಸಾವಿರ ಜನ ಸತ್ತದ್ದೇಕೆ? ಅಲ್ಲಿದ್ದವು ಮಣ್ಣು ಮೆತ್ತಿದ ದಪ್ಪ ಕಲ್ಲಿನ ಗೋಡೆಗಳು. ಟರ್ಕಿಯಲ್ಲಿ ಉರುಳಿದ್ದು ನಿಯಮ ಮೀರಿ ಎಬ್ಬಿಸಿದ ಎಷ್ಟೋ ಕಾಂಕ್ರೀಟ್ ಮಹಡಿಗಳು. ಕೊಲ್ಲುವುದು ಭೂಮಿಗಿಂತ ಹೆಚ್ಚಾಗಿ ನಾವು ಕಟ್ಟಿದ ಗೋಡೆ.

ಹೋಗುವವರಿಗೆ

ಇಸ್ತಾಂಬುಲ್‌ನಿಂದ ವಿಮಾನದಲ್ಲಿ ಎರಡು ಗಂಟೆಯೊಳಗಿನ ದಾರಿ. ಬೇಸಿಗೆಯ ಬಿಸಿಲು ಬಹಳ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಹಿತ. ಮಾಂಸಾಹಾರಿಗಳು ಬೆಳಗಿಗೇ ಬೆಳ್ಳುಳ್ಳಿ-ಮೆಣಸಿನಕಾಯಿಯ ಖಾರದ ಕುರಿಮಾಂಸದ ಸಾರು ‘ಬೆಯ್ರಾನ್’ ಸವಿಯಬಹುದು. ಸಸ್ಯಾಹಾರಿಗಳಿಗೆ ಕೆನೆ-ಪಿಸ್ತಾ ತುಂಬಿ ಮಡಿಸಿದ ‘ಕತ್ಮೇರ್’ ಇದೆ. ಮಸೂರ ಬೇಳೆಯ ‘ಎಜೊಗೆಲಿನ್’ ಸಾರಿದೆ, ಆದರೆ ಮಾಂಸದ ರಸ ಬೆರೆಸಿದ್ದಾರೆಯೇ ಎಂದು ಕೇಳಿಕೊಳ್ಳಬೇಕು. ಪಿಸ್ತಾದ ಕಾಡು ಸೋದರಿಯ ಕಾಯಿ ಹುರಿದು ಮಾಡುವ ‘ಮೆನೆಂಗಿಚ್’ ಕಾಫಿಯಲ್ಲಿ ಕೆಫೀನ್ ಇಲ್ಲ, ಮಕ್ಕಳೂ ಕುಡಿಯಬಹುದು.

ಹೋಗಲಾಗದವರು ಭೂಪಟ ತೆರೆದು ಯೂಫ್ರೆಟಿಸ್‌ನ ಗೆರೆಯ ಮೇಲೆ ಬೆರಳಿಟ್ಟು ಜ್ಯೂಗ್ಮಾ ಇದ್ದ ಜಾಗವನ್ನು ಹುಡುಕಲಿ. ಜೊತೆಗೆ ಅಟ್ಟದ ಮೇಲಿರುವ ಅಜ್ಜಿಯ ತಾಮ್ರದ ಪಾತ್ರೆಯನ್ನೂ ಕೆಳಗಿಳಿಸಿ, ಅದರ ಕಲಾಯಿ ಎಷ್ಟು ಉಳಿದಿದೆ ಎಂದು ನೋಡಲಿ.