ಸಿಗಾರಿಗೂ ಒಂದು ವಯಸ್ಸು

1962ರ ಫೆಬ್ರುವರಿಯ ಒಂದು ಸಂಜೆ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಅವರನ್ನು ಕರೆಸಿ ಒಂದು ವಿಚಿತ್ರ ಕೆಲಸ ಒಪ್ಪಿಸಿದರು. ಬೆಳಗಾಗುವುದರೊಳಗೆ ಒಂದು ಸಾವಿರ ಕ್ಯೂಬಾ ಸಿಗಾರ್ ಬೇಕು. ಸಾಲಿಂಜರ್ ಊರಿನ ಅಂಗಡಿಗಳನ್ನೆಲ್ಲ ಜಾಲಾಡಿ ಮರುದಿನ 1,200ರ ಲೆಕ್ಕ ಒಪ್ಪಿಸಿದರು. ಕೆನಡಿ ನಕ್ಕು, ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ಸಹಿ ಹಾಕಿದರು. ಕ್ಯೂಬಾದ ಸರಕು ಅಮೆರಿಕಕ್ಕೆ ಬರಕೂಡದೆಂಬ ಆಜ್ಞೆ ಅದು! ಮುಂದೆ ಸಾಲಿಂಜರ್ ಅವರೇ ಹೇಳಿಕೊಂಡ ಪ್ರಸಂಗವಿದು.

ಅಷ್ಟೊಂದು ಸಿಗಾರ್ ಕೆಡದೆ ಉಳಿದೀತೇ ಎಂದು ಕೇಳಬಹುದು. ಸರಿಯಾಗಿ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯ ಅಕ್ಕಿಯದು ಉದುರುದುರಾಗುತ್ತದೆ ಎಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಸಿಗಾರ್ ಸೇದುವವರ ಮಾತೂ ಅದೇ ಧಾಟಿಯದು: ಹಳತಾದಷ್ಟೂ ಖಾರ ಇಳಿದು ಹದ ಬರುತ್ತದಂತೆ.

ಇಡುವ ಪೆಟ್ಟಿಗೆಗೆ ‘ಸ್ಪ್ಯಾನಿಷ್ ಸೀಡರ್’ ಎಂಬ ಮರವೇ ಶ್ರೇಷ್ಠವೆನ್ನುತ್ತಾರೆ. ಹೆಸರು ಕೇಳಿ ಹಿಮಾಲಯದ ದೇವದಾರು ಎಂದುಕೊಳ್ಳಬಾರದು. ಇದು ನಮ್ಮ ಬೇವಿನ ಕುಟುಂಬದ ಮರ. ಒಳಗಿನ ಗಾಳಿಯ ತೇವಾಂಶ ಶೇ 65ರಿಂದ 70ರಷ್ಟಿರಬೇಕು. ಕಡಿಮೆಯಾದರೆ ಹೊರಸುತ್ತಿನ ಎಲೆ ಬಿರಿಯುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಸೆಕೆ ಏರಿದರೆ ಎಲೆಯೊಳಗೆ ಅಡಗಿದ್ದ ಮೊಟ್ಟೆ ಒಡೆದು ತಂಬಾಕಿನ ಹುಳು ಹೊರಬಂದು, ಸೂಜಿಯಿಂದ ಚುಚ್ಚಿದಂತೆ ತೂತು ಕೊರೆಯುತ್ತದೆ.

ಆದರೆ ಎಲೆಗೆ ವಯಸ್ಸಾಗುವುದು ಪೆಟ್ಟಿಗೆಗೆ ಬರುವುದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಕ್ಯೂಬಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ಕೊಯ್ದ ಎಲೆಗಳನ್ನು ದೊಡ್ಡ ಕೊಟ್ಟಿಗೆಗಳೊಳಗೆ ಕೋಲುಗಳಿಗೆ ತೂಗುಹಾಕುತ್ತಾರೆ. ಗಾಳಿಯಲ್ಲೇ ಸುಮಾರು ಐವತ್ತು ದಿನ ಒಣಗಿ ಹಸಿರು ಹಳದಿಯಾಗಿ, ಹಳದಿ ಕಂದಾಗುತ್ತದೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಸಿಗರೇಟಿನ ಹೊಗೆಸೊಪ್ಪು ಬೆಂಕಿಯ ಕಾವಿಗೆ ಸುಮಾರು ಒಂದು ವಾರದಲ್ಲೇ ಹೊಂಬಣ್ಣಕ್ಕೆ ತಿರುಗುತ್ತದೆ. ಬೇಗ ಒಣಗಿದ ಎಲೆಯಲ್ಲಿ ಸಕ್ಕರೆ ಹಾಗೆಯೇ ಉಳಿಯುತ್ತದೆ; ನಿಧಾನವಾಗಿ ಒಣಗುವ ಎಲೆ ಇನ್ನೂ ಉಸಿರಾಡುತ್ತಿದ್ದು ತನ್ನ ಸಕ್ಕರೆಯನ್ನು ತಾನೇ ಮುಗಿಸಿಬಿಡುತ್ತದೆ. ಈ ಸಕ್ಕರೆಯ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಣಗಿದ ಎಲೆಗೆ ತೇವ ಕೊಟ್ಟು ರಾಶಿ ಹಾಕಿದರೆ ಹಸಿ ಹುಲ್ಲಿನ ಬಣವೆಯಂತೆ ಒಳಗೊಳಗೇ ಬಿಸಿಯೇರಿ, ಮೂಗಿಗೆ ಅಡರುವ ಅಮೋನಿಯಾ ಹೊರಬೀಳುತ್ತದೆ. ಕಾವು ಮಿತಿಮೀರಿದರೆ ರಾಶಿ ಬಿಚ್ಚಿ ತಿರುವಿ ಹಾಕಬೇಕು. ಆಮೇಲೆ ಮೂಟೆ ಕಟ್ಟಿ ಮತ್ತೆ ಕಾಯುವುದು. ಗಿಡದ ಬುಡದ ಎಲೆ ವೊಲಾಡೊ, ನಡುವಿನದು ಸೆಕೊ, ಬಿಸಿಲುಂಡ ತುದಿಯದು ಲಿಹೆರೊ. ದಪ್ಪನೆಯ, ಖಾರದ ಲಿಹೆರೊಗೆ ಎರಡು ವರ್ಷವಾದರೂ ಬೇಕು.

ಅಂಗಡಿಯಲ್ಲಿ ಹೊಸಬ ಮೋಸಹೋಗುವುದು ಬಣ್ಣಕ್ಕೆ. (ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವುದೇ ಈಗ ಅಪರಾಧ ಎಂಬುದು ಬೇರೆ ಮಾತು.) ಕಪ್ಪಗಿದ್ದರೆ ಖಾರ, ತಿಳಿಬಣ್ಣವಾದರೆ ಸೌಮ್ಯ ಎಂದು ಅವನ ಎಣಿಕೆ. ಬಣ್ಣವೆಲ್ಲ ಹೊರಗಿನ ಒಂದೇ ಎಲೆಯದು. ಖಾರವನ್ನು ನಿರ್ಧರಿಸುವುದು ಹೆಚ್ಚಾಗಿ ಹೊಟ್ಟೆಯೊಳಗೆ ಎಷ್ಟು ಲಿಹೆರೊ ಇದೆಯೆಂಬುದು. ಬಲ್ಲವರು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಒಂದು ಕಡೆ ಗಂಟು, ಇನ್ನೊಂದು ಕಡೆ ಪೊಳ್ಳು ಸಿಕ್ಕಿದರೆ ಸುತ್ತಿದ ಕೈ ಪಳಗಿಲ್ಲವೆಂದು ಅರ್ಥ.

ಬಣ್ಣಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ: ‘ಸಿಗಾರಿನ ಹೊಗೆ ಎದೆಗೆ ಎಳೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ’ ಎಂಬುದು. ಸಕ್ಕರೆಯ ಲೆಕ್ಕ ಬೇಕಾಗುವುದು ಇಲ್ಲೇ. ಸಕ್ಕರೆ ಉಳಿದ ಸಿಗರೇಟಿನ ಎಲೆಯ ಹೊಗೆ ಆಮ್ಲೀಯ. ಅದರ ನಿಕೋಟಿನ್ ರಕ್ತಕ್ಕೆ ಸೇರಲು ಶ್ವಾಸಕೋಶಕ್ಕೆ ಇಳಿಯಬೇಕು. ಸಕ್ಕರೆ ಕಳೆದುಕೊಂಡ ಸಿಗಾರಿನ ಹೊಗೆ ಕ್ಷಾರೀಯ; ಅದರ ನಿಕೋಟಿನ್ ಬಾಯಿಯ ಒಳಪದರದಿಂದಲೇ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ತಂಬಾಕಿರಬಹುದು. ಅದೂ ಅಲ್ಲದೆ, ರುಚಿಯನ್ನು ಮೃದುಗೊಳಿಸುವ ಆ ಬಿಸಿರಾಶಿಯಲ್ಲೇ ನೈಟ್ರೊಸಮೀನ್ ಎಂಬ ಕ್ಯಾನ್ಸರ್‌ಕಾರಕಗಳೂ ಹುಟ್ಟುತ್ತವೆ. ವಯಸ್ಸಾದ ಎಲೆ ನಾಲಿಗೆಗಷ್ಟೇ ಸೌಮ್ಯ.

ಕೆನಡಿಯ ಪ್ರಸಂಗಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1862ರ ಫೆಬ್ರುವರಿಯಲ್ಲಿ, ಅಮೆರಿಕದ ಅಂತರ್ಯುದ್ಧದ ಸೇನಾನಿ ಯುಲಿಸಿಸ್ ಗ್ರಾಂಟ್ ಡೊನೆಲ್ಸನ್ ಕೋಟೆಯನ್ನು ಗೆದ್ದರು. ಅವರ ಕೈಯಲ್ಲಿ ಸಿಗಾರಿತ್ತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಅಭಿಮಾನಿಗಳಿಂದ ಹತ್ತು ಸಾವಿರದಷ್ಟು ಸಿಗಾರ್ ಬಂದು ಬಿದ್ದವು. ಅದುವರೆಗೆ ಅಪರೂಪಕ್ಕೆ ಸೇದುತ್ತಿದ್ದವರಿಗೆ ಅದೇ ಚಟವಾಯಿತು. ಗ್ರಾಂಟ್ ಮುಂದೆ ಅಧ್ಯಕ್ಷರೂ ಆದರು. 1884ರಲ್ಲಿ ಗಂಟಲು ನೋವು ಶುರುವಾಯಿತು, ಕ್ಯಾನ್ಸರ್. ಕೊನೆಗೆ ಧ್ವನಿ ಉಡುಗಿ, ಹೇಳಬೇಕಾದುದನ್ನು ಚೀಟಿಗಳಲ್ಲಿ ಬರೆದು ತೋರಿಸುತ್ತಿದ್ದರು. ಸಂಸಾರಕ್ಕೆ ಆಸರೆಯಾಗಲೆಂದು ಬರೆಯುತ್ತಿದ್ದ ಆತ್ಮಕಥೆಯನ್ನು ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ತೀರಿಕೊಂಡರು.