‘ವೆರಿ’ ಮತ್ತು ‘ಟೂ’: ಕಷ್ಟವನ್ನು ಹೇಳುವ ಕ್ರಮ

ಪರೀಕ್ಷೆ ಮುಗಿಸಿ ಹೊರಬರುವ ವಿದ್ಯಾರ್ಥಿಗಳನ್ನು ‘ಇಂಗ್ಲಿಷ್ ಪ್ರಶ್ನಪತ್ರಿಕೆ ಹೇಗಿತ್ತು?’ ಎಂದು ಕೇಳಿದರೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳು ದೊರೆಯುತ್ತವೆ. ಒಬ್ಬನು ‘ವೆರಿ ಡಿಫಿಕಲ್ಟ್’ ಎನ್ನುತ್ತಾನೆ. ಇನ್ನೊಬ್ಬಳು ‘ಟೂ ಡಿಫಿಕಲ್ಟ್’ ಎನ್ನುತ್ತಾಳೆ. ಮೂರನೆಯವನು ತನ್ನ ಸಂಕಟವು ಇವರಿಬ್ಬರದಕ್ಕಿಂತಲೂ ಮಿಗಿಲೆಂದು ತೋರಿಸುವುದಕ್ಕಾಗಿ ‘ಟೂ ಮಚ್ ಡಿಫಿಕಲ್ಟ್’ ಎಂದುಬಿಡುತ್ತಾನೆ. ಮೂವರ ಮನಸ್ಸಿನಲ್ಲಿಯೂ ಇದ್ದ ಅರ್ಥ ಒಂದೇ ಆಗಿರಬಹುದು. ಆದರೆ ಇಂಗ್ಲಿಷ್ ಬಲ್ಲ ಕೇಳುಗನಿಗೆ ಮೊದಲ ಎರಡು ಮಾತುಗಳು ಬೇರೆ ಬೇರೆ ಅರ್ಥವನ್ನು ಕೊಡುತ್ತವೆ. ಮೂರನೆಯದು ವ್ಯಾಕರಣಕ್ಕೆ ಒಪ್ಪುವುದಿಲ್ಲ. ಈ ಭೇದವೇನು, ನಮ್ಮ ಮಕ್ಕಳಿಗೆ ಇದು ಏಕೆ ತೊಡಕಾಗುತ್ತದೆ, ತೊಡಕನ್ನು ಬಿಡಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

‘ವೆರಿ’ ಎಂಬುದು ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಶಬ್ದ. ಅದರ ಮೂಲಾರ್ಥ ‘ನಿಜವಾದ’ ಎಂದು. ನಾವು ‘ನಿಜವಾಗಿಯೂ ಕಷ್ಟ’ ಎಂದು ಹೇಳುವಾಗ ಕಷ್ಟಕ್ಕೆ ಎಷ್ಟು ಒತ್ತು ಕೊಡುತ್ತೇವೆಯೋ ‘ವೆರಿ’ಯೂ ಅಷ್ಟನ್ನೇ ಕೊಡುತ್ತದೆ. ಅದು ಗುಣದ ಪ್ರಮಾಣವನ್ನು ಹೆಚ್ಚಿಸುತ್ತದೆಯೇ ಹೊರತು ಕೆಲಸ ಆಗುವುದೋ ಆಗದೋ ಎಂಬ ವಿಷಯದಲ್ಲಿ ಏನನ್ನೂ ನುಡಿಯುವುದಿಲ್ಲ. ‘ಟೂ’ ಶಬ್ದದ ಚರಿತ್ರೆ ಬೇರೆ. ‘ಕಡೆಗೆ’ ಎಂಬರ್ಥದ ‘ಟು’ ಶಬ್ದವನ್ನೇ ಒತ್ತಿ ಹೇಳಿದಾಗ ಹುಟ್ಟಿದ ರೂಪವಿದು. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಇದನ್ನು ಎರಡು ‘ಓ’ ಅಕ್ಷರಗಳಿಂದ ಬರೆಯುವ ರೂಢಿ ಬಂದಿತು. ಹ್ರಸ್ವ ದೀರ್ಘಗಳನ್ನು ಬೇರೆಬೇರೆಯಾಗಿ ಬರೆಯುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ಕನ್ನಡದ ಮಕ್ಕಳಿಗೆ ಇದನ್ನು ನೆನಪಿಡುವುದು ಸುಲಭ: ದೀರ್ಘಕ್ಕೆ ಎರಡು ‘ಓ’, ಹ್ರಸ್ವಕ್ಕೆ ಒಂದು.

‘ಟೂ’ ಶಬ್ದವು ಒಂದು ಮೇರೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಮೇರೆ ಮೀರಿತೆಂದು ಸಾರುತ್ತದೆ. ಒಲೆಯ ಮೇಲಿನ ಹಾಲು ಪಾತ್ರೆಯ ಕಂಠದವರೆಗೆ ಉಕ್ಕಿ ಬಂದರೆ ಅದು ‘ವೆರಿ’. ಕಂಠವನ್ನು ದಾಟಿ ಒಲೆಗೆ ಸುರಿದರೆ ಅದು ‘ಟೂ’. ದೆಹಲಿಯ ಮೇ ತಿಂಗಳಿನಲ್ಲಿ ‘ಇಟ್ ಈಸ್ ವೆರಿ ಹಾಟ್’ ಎಂದ ಹುಡುಗನು ತಲೆಗೆ ಬಟ್ಟೆ ಸುತ್ತಿಕೊಂಡು ಕ್ರಿಕೆಟ್ ಆಡಲು ಹೋಗಬಹುದು. ‘ಇಟ್ ಈಸ್ ಟೂ ಹಾಟ್ ಟು ಪ್ಲೇ’ ಎಂದವನು ಮನೆಯಲ್ಲಿಯೇ ಉಳಿದನೆಂದು ತಿಳಿಯಬೇಕು. ಹಾಗೆಯೇ, ಅತಿಥಿಯಾಗಿ ಹೋದ ಮನೆಯಲ್ಲಿ ಪಾಯಸವನ್ನು ‘ವೆರಿ ಸ್ವೀಟ್’ ಎಂದರೆ ಸಕ್ಕರೆ ಚೆನ್ನಾಗಿ ಬಿದ್ದಿದೆ ಎಂದಷ್ಟೇ ಆಯಿತು. ‘ಟೂ ಸ್ವೀಟ್’ ಎಂದರೆ ಅದು ದೂರು. ಈ ನಗರದ ಗೆಳೆಯರ ಮಾತಿನಲ್ಲಿ ‘ಟೂ ಗುಡ್’ ಎಂಬುದು ಮೆಚ್ಚುಗೆಯಾಗಿ ಕೇಳಿಬರುವುದುಂಟು. ಆಡುಮಾತಿಗೆ ಅದು ಸಲ್ಲಲಿ. ಪತ್ರದಲ್ಲಿಯೂ ಪರೀಕ್ಷೆಯಲ್ಲಿಯೂ ‘ವೆರಿ ಗುಡ್’ ಎಂದೇ ಬರೆಯತಕ್ಕದ್ದು.

ನಮ್ಮ ಮಕ್ಕಳು ಇಲ್ಲಿ ಎಡವುವುದಕ್ಕೆ ಕಾರಣವು ಅವರ ದಡ್ಡತನವಲ್ಲ. ಅವರು ಬಲ್ಲ ಭಾಷೆಗಳ ಸ್ವಭಾವ. ಕನ್ನಡದ ‘ತುಂಬ’ ಎಂಬ ಶಬ್ದವು ‘ತುಂಬು’ ಎಂಬ ಕ್ರಿಯೆಯಿಂದ ಬಂದಿದೆ. ತುಂಬಿದ್ದು ಇನ್ನೂ ಚೆಲ್ಲಿಲ್ಲವಾದ್ದರಿಂದ ಅದು ‘ವೆರಿ’ಗೆ ಸರಿಯಾದ ಜೋಡಿ. ಸಂಸ್ಕೃತದಿಂದ ಬಂದ ‘ಬಹಳ’ವೂ ಹಾಗೆಯೇ. ಆದರೆ ‘ಅತಿ’ ಎಂಬುದು ಎರಡು ಮನೆಯ ನೆಂಟ. ‘ಅತಿ ಸುಂದರ’ ಎಂದಾಗ ಅದು ಹೊಗಳಿಕೆ. ‘ಅತಿಯಾಯಿತು’ ಎಂದಾಗ ಬೈಗುಳ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯಲ್ಲಿರುವುದು ಅಚ್ಚ ‘ಟೂ’. ಇದರ ಮೇಲೆ ಬೀದಿಯಲ್ಲಿಯೂ ಮೆಟ್ರೋದಲ್ಲಿಯೂ ಹಗಲೆಲ್ಲ ಕಿವಿಗೆ ಬೀಳುವ ಹಿಂದಿಯ ‘ಬಹುತ್ ಜ್ಯಾದಾ ಮುಶ್ಕಿಲ್’ ಬೇರೆ. ಅದರಲ್ಲಿ ಎರಡು ಶಬ್ದಗಳು ಜೊತೆಯಾಗಿ ಗುಣವಾಚಕದ ಮುಂದೆ ನಿಲ್ಲುತ್ತವೆ. ಅದೇ ಅಚ್ಚಿನಲ್ಲಿ ಇಂಗ್ಲಿಷನ್ನು ಎರಕ ಹೊಯ್ದರೆ ‘ಟೂ ಮಚ್ ಡಿಫಿಕಲ್ಟ್’ ಸಿದ್ಧವಾಗುತ್ತದೆ.

ಇಂಗ್ಲಿಷಿನ ನಿಯಮವಾದರೋ ಹೀಗಿದೆ. ಗುಣವಾಚಕದ ಮುಂದೆ ‘ಟೂ’ ಒಂದೇ ಸಾಕು: ‘ಟೂ ಡಿಫಿಕಲ್ಟ್’, ‘ಟೂ ಹೆವಿ’. ‘ಟೂ ಮಚ್’ ಎಂಬುದು ಎಣಿಸಲಾಗದ ವಸ್ತುವನ್ನು ಹೇಳುವ ನಾಮಪದದ ಮುಂದೆ ಬರುತ್ತದೆ: ‘ಟೂ ಮಚ್ ನಾಯ್ಸ್’, ‘ಟೂ ಮಚ್ ಡಿಫಿಕಲ್ಟಿ’. ಎಣಿಸಬಹುದಾದ ವಸ್ತುಗಳಿಗೆ ‘ಟೂ ಮೆನಿ’: ‘ಟೂ ಮೆನಿ ಕ್ವೆಶ್ಚನ್ಸ್’. ಮೇರೆ ಮೀರಿದ್ದು ಅಲ್ಪಸ್ವಲ್ಪವಲ್ಲ, ಬಹು ದೂರ ಮೀರಿತು ಎನ್ನಬೇಕಾದರೆ ಶಬ್ದಗಳ ಕ್ರಮವನ್ನು ತಿರುಗಿಸಿ ‘ಮಚ್ ಟೂ ಡಿಫಿಕಲ್ಟ್’ ಅಥವಾ ‘ಫಾರ್ ಟೂ ಡಿಫಿಕಲ್ಟ್’ ಎನ್ನಬೇಕು. ನಮ್ಮ ಮೂರನೆಯ ವಿದ್ಯಾರ್ಥಿಗೆ ಬೇಕಾಗಿದ್ದ ಮಾತು ಇದೇ. ಅವನಲ್ಲಿ ಶಬ್ದಗಳೆಲ್ಲ ಇದ್ದವು. ಅವು ನಿಲ್ಲಬೇಕಾದ ಸ್ಥಾನ ಮಾತ್ರ ತಪ್ಪಿತ್ತು.

ಮೇರೆ ಮೀರಿದ್ದರಿಂದ ಯಾವ ಕೆಲಸ ನಿಂತಿತು ಎಂಬುದನ್ನು ಹೇಳುವುದಕ್ಕೆ ‘ಟೂ’ ಆದ ಮೇಲೆ ‘ಟು’ ಬರುತ್ತದೆ. ಯಾರಿಗೆ ಎಂಬುದನ್ನು ‘ಫಾರ್’ ತಿಳಿಸುತ್ತದೆ. ‘ದಿಸ್ ಸಮ್ ಈಸ್ ಟೂ ಡಿಫಿಕಲ್ಟ್ ಫಾರ್ ಮಿ ಟು ಸಾಲ್ವ್.’ ಇದರ ಸರಿಯಾದ ಕನ್ನಡವು ‘ಈ ಲೆಕ್ಕ ನಾನು ಬಿಡಿಸಲಾರದಷ್ಟು ಕಷ್ಟವಾಗಿದೆ’ ಎಂಬುದು. ನೋಡಿರಿ, ‘ಟೂ’ ಶಬ್ದಕ್ಕೆ ಸಮನಾದ ಒಂದೇ ಪದವನ್ನು ಕನ್ನಡದಲ್ಲಿ ಹುಡುಕುತ್ತಿದ್ದ ನಮಗೆ ಅದು ಪದವಾಗಿ ಸಿಕ್ಕದೆ ‘ಲಾರದಷ್ಟು’ ಎಂಬ ಪ್ರತ್ಯಯಗಳ ಗೊಂಚಲಾಗಿ ಸಿಕ್ಕಿತು. ಹೊರಲಾರದಷ್ಟು ಭಾರ, ನಂಬಲಾಗದಷ್ಟು ಒಳ್ಳೆಯ ಸುದ್ದಿ, ಇವೆಲ್ಲವೂ ‘ಟೂ’ ವಾಕ್ಯಗಳೇ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು: ಕನ್ನಡದ ‘ಲಾರದ’ದಲ್ಲಿ ನಿಷೇಧವು ಕಾಣುವಂತೆ ಇದೆ, ಇಂಗ್ಲಿಷಿನ ‘ಟೂ’ದಲ್ಲಿ ಅದು ಒಳಗೆ ಅಡಗಿದೆ. ಆದ್ದರಿಂದ ‘ಟೂ’ ವಾಕ್ಯದಲ್ಲಿ ಮತ್ತೆ ‘ನಾಟ್’ ಸೇರಿಸಬಾರದು. ‘ಟೂ ಡಿಫಿಕಲ್ಟ್ ದ್ಯಾಟ್ ಐ ಕೆನಾಟ್’ ಎಂದು ಹೆಣೆಯಲೂ ಬಾರದು. ‘ದ್ಯಾಟ್’ ಬೇಕಾದರೆ ‘ಟೂ’ವನ್ನು ಬಿಟ್ಟು ‘ಸೋ’ ಹಾಕಬೇಕು: ‘ದಿಸ್ ಸಮ್ ಈಸ್ ಸೋ ಡಿಫಿಕಲ್ಟ್ ದ್ಯಾಟ್ ಐ ಕೆನಾಟ್ ಸಾಲ್ವ್ ಇಟ್.’ ರೆನ್ ಮತ್ತು ಮಾರ್ಟಿನ್ ಅವರ ಪ್ರಸಿದ್ಧ ವ್ಯಾಕರಣದಲ್ಲಿ ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ಅಭ್ಯಾಸವೇ ಇದೆ. ಅದನ್ನು ಮಾಡಿದವರಿಗೆ ಈ ಮರ್ಮವು ಕೈವಶವಾಗುತ್ತದೆ. ಎರಡನೆಯದು: ‘ಸೋ’ ವಾಕ್ಯದ ಕೊನೆಯಲ್ಲಿ ‘ಇಟ್’ ಬೇಕು, ‘ಟೂ’ ವಾಕ್ಯದ ಕೊನೆಯಲ್ಲಿ ಬೇಡ. ಕನ್ನಡದಲ್ಲಿಯೂ ‘ಈ ಲೆಕ್ಕ ನಾನು ಅದನ್ನು ಬಿಡಿಸಲಾರದಷ್ಟು ಕಷ್ಟ’ ಎಂದು ಯಾರೂ ಹೇಳುವುದಿಲ್ಲವಷ್ಟೆ. ತಾಯಿನುಡಿಯ ಕಿವಿಯು ಇಲ್ಲಿ ಇಂಗ್ಲಿಷಿಗೆ ದಾರಿ ತೋರಿಸುತ್ತದೆ.

ಇನ್ನೊಂದು ರಚನೆಯನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ. ‘ಎ ಡಿಫಿಕಲ್ಟ್ ಕ್ವೆಶ್ಚನ್’ ಎಂಬುದಕ್ಕೆ ‘ಟೂ’ ಸೇರಿದಾಗ ‘ಎ’ ತನ್ನ ಸ್ಥಾನವನ್ನು ಬಿಟ್ಟು ಹಿಂದಕ್ಕೆ ಸರಿಯುತ್ತದೆ: ‘ಟೂ ಡಿಫಿಕಲ್ಟ್ ಎ ಕ್ವೆಶ್ಚನ್’. ಪ್ರಶ್ನೆಗಳು ಹಲವಾದರೆ ಈ ರಚನೆ ಸಲ್ಲದು. ‘ದ ಕ್ವೆಶ್ಚನ್ಸ್ ವರ್ ಟೂ ಡಿಫಿಕಲ್ಟ್’ ಎಂದು ನೇರವಾಗಿ ಹೇಳಬೇಕು.

ಇಷ್ಟೆಲ್ಲ ಸೂಕ್ಷ್ಮವೇಕೆ, ಅರ್ಥವಾದರೆ ಸಾಲದೆ ಎಂದು ಕೇಳುವವರಿರಬಹುದು. ‘ವೆರಿ ಡಿಫಿಕಲ್ಟ್’ ಎಂದವನ ಕೈಯಲ್ಲಿ ಲೇಖನಿಯು ಇನ್ನೂ ಇರುತ್ತದೆ. ‘ಟೂ ಡಿಫಿಕಲ್ಟ್’ ಎಂದವನು ಅದನ್ನು ಕೆಳಗಿಟ್ಟಿರುತ್ತಾನೆ. ಕಷ್ಟವಾದುದನ್ನೆಲ್ಲ ‘ಟೂ’ ಎಂದು ಕರೆಯುವ ಅಭ್ಯಾಸವು ನಾಲಿಗೆಯಿಂದ ಮನಸ್ಸಿಗೆ ಇಳಿಯುತ್ತದೆ. ನಿಜವಾಗಿಯೂ ಮೀರಿದ ಭಾರವಿದ್ದರೆ ಅದನ್ನು ಹೇಳುವುದರಲ್ಲಿ ಸಂಕೋಚ ಬೇಡ. ಆದರೆ ಯಾರಿಗೆ ಮೀರಿತು, ಏನು ಮಾಡಲು ಮೀರಿತು ಎಂಬುದನ್ನೂ ಕೂಡಿಸಿ ಹೇಳಿರಿ. ಆಗ ಬರಿಯ ಗೋಳಾಗಿದ್ದುದು ನೆರವನ್ನು ಎಲ್ಲಿ ಕೊಡಬೇಕೆಂದು ಗುರುಗಳಿಗೆ ತೋರಿಸುವ ಮಾತಾಗುತ್ತದೆ.

ನಾವು ಕರ್ನಾಟಕದಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿಯವರೆಗೆ ಓದಿ ಈ ಊರಿಗೆ ಬಂದವರಾದುದರಿಂದ, ಕನ್ನಡ ಶಾಲೆಯ ಮಗುವಿಗೆ ಇಂಗ್ಲಿಷಿನ ಬಗೆಗೆ ಇರುವ ಅಂಜಿಕೆಯನ್ನು ಚೆನ್ನಾಗಿ ಬಲ್ಲೆವು. ಆ ಅಂಜಿಕೆಗೆ ನಮ್ಮ ನಾಡಿನ ಹಿರಿಯರೇ ಉತ್ತರ ಕೊಟ್ಟಿದ್ದಾರೆ. ಬಿ. ಎಂ. ಶ್ರೀಕಂಠಯ್ಯನವರೂ ಗೋಪಾಲಕೃಷ್ಣ ಅಡಿಗರೂ ಕಾಲೇಜಿನಲ್ಲಿ ಕಲಿಸಿದ್ದು ಇಂಗ್ಲಿಷ್. ಹೊಸ ದಾರಿ ತೋರಿಸಿದ್ದು ಕನ್ನಡ ಕಾವ್ಯಕ್ಕೆ. ಇಂಗ್ಲಿಷ್ ಅಧ್ಯಾಪಕರಾಗಿದ್ದು ಕನ್ನಡದಲ್ಲಿ ಕಥೆ ಕಾದಂಬರಿಗಳನ್ನು ಬರೆದ ಯು. ಆರ್. ಅನಂತಮೂರ್ತಿಯವರು 1993ರಿಂದ 1998ರವರೆಗೆ ಇದೇ ದೆಹಲಿಯಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಒಂದು ಭಾಷೆಯನ್ನು ಕಲಿಯುವುದಕ್ಕಾಗಿ ಇನ್ನೊಂದನ್ನು ಅವರು ಬಿಡಲಿಲ್ಲ.

ವಿದ್ಯಾರ್ಥಿಗಳೆ, ‘ಇಂಗ್ಲಿಷ್ ಈಸ್ ಟೂ ಡಿಫಿಕಲ್ಟ್ ಫಾರ್ ಅಸ್ ಟು ಲರ್ನ್’ ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಆ ವಾಕ್ಯವನ್ನು ತಪ್ಪಿಲ್ಲದೆ ಬರೆಯಬಲ್ಲವನ ಪಾಲಿಗೆ ಅದು ಸುಳ್ಳಾಗಿಬಿಡುತ್ತದೆ. ಅದರಲ್ಲಿ ‘ಟೂ’ವನ್ನು ಅಳಿಸಿ ‘ವೆರಿ’ ಎಂದು ಬರೆಯಿರಿ, ಕೊನೆಯ ‘ಟು ಲರ್ನ್’ ಎಂಬುದನ್ನು ತೆಗೆದುಹಾಕಿರಿ. ಬಳಿಕ ಪುಸ್ತಕವನ್ನು ತೆರೆಯಿರಿ.