ಮಹಜರಿನ ಕೊನೆಯ ಪುಟಗಳು

ನಮ್ಮಲ್ಲಿ ನೋಟರಿ ಅಂದರೆ ಕೋರ್ಟಿನ ಆವರಣದಲ್ಲಿ ಅಫಿಡವಿಟ್ಟಿಗೆ ಮೊಹರು ಒತ್ತಿಕೊಡುವವರು. ಕಾಗದ ನಮ್ಮ ಕೈಗೆ ಬರುತ್ತದೆ, ಅವರ ರಿಜಿಸ್ಟರಿನಲ್ಲಿ ಒಂದು ಸಾಲು ಉಳಿಯುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹಾಗಲ್ಲ. ಅದು ಫ್ರೆಂಚರ ವಸಾಹತಾಗಿದ್ದ ಕಾಲದಿಂದಲೂ ಮದುವೆಯ ಕರಾರು, ಜಮೀನಿನ ಕ್ರಯ, ಗೇಣಿ, ಸಾಲ, ಉಯಿಲು ಎಲ್ಲವನ್ನೂ ಬರೆಯುತ್ತಿದ್ದವರು ನೋಟರಿಗಳೇ. ಮೂಲಪ್ರತಿ ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತಿತ್ತು. ಬರೆಸಿದವರಿಗೆ ಸಿಗುತ್ತಿದ್ದದ್ದು ನಕಲು. 1664ರಲ್ಲಿ ಪ್ಯಾರಿಸ್ಸಿನ ರೂಢಿಕಾನೂನು ಅಲ್ಲಿಯ ಕಾನೂನಾಯಿತು. ಬ್ರಿಟಿಷರು ಗೆದ್ದ ಮೇಲೂ, ಆಸ್ತಿಪಾಸ್ತಿಯ ಮಟ್ಟಿಗೆ ಫ್ರೆಂಚ್ ಕಾನೂನೇ ನಡೆಯಲಿ ಎಂದು 1774ರ ಕ್ವಿಬೆಕ್ ಕಾಯ್ದೆ ಒಪ್ಪಿತು. ಹಾಗಾಗಿ ವಂಶದ ಬೇರು ಹುಡುಕುವವರಿಗೆ ಶತಮಾನಗಳ ಕಾಗದ ಅಲ್ಲಿ ಒಂದೇ ಪದ್ಧತಿಯಲ್ಲಿ ಸಿಗುತ್ತದೆ.

ಹುಡುಕಾಟ ಶುರುವಾಗುವುದು ಸಾಮಾನ್ಯವಾಗಿ ಚರ್ಚಿನ ಮದುವೆ ಪುಸ್ತಕದಿಂದ. ಅಲ್ಲಿ ದಿನಾಂಕ ಸಿಕ್ಕಿದರೆ ಅದಕ್ಕೆ ಹಿಂದಿನ ದಿನಗಳನ್ನು, ವಾರಗಳನ್ನು ನೋಡಬೇಕು. ಕರಾರನ್ನು ಹೆಚ್ಚಾಗಿ ಮದುವೆಗೆ ಮುಂಚೆಯೇ ಬರೆಸುತ್ತಿದ್ದರು. ಆ ಸೀಮೆಯಲ್ಲಿ ಆಗ ಯಾವ ನೋಟರಿ ಇದ್ದರು? ಮಾಂಟ್ರಿಯಲ್‌ನವರಾದರೆ 1657ರಿಂದ 1699ರವರೆಗೆ ಬೆನಿನ್ ಬಾಸೆ ಇದ್ದಾರೆ. ನೋಟರಿಗಳು ಬರೆದ ಪತ್ರಗಳಿಗೆ ದಿನಾಂಕದ ಕ್ರಮದ ಸೂಚಿ ಇರುತ್ತದೆ: ಯಾವ ದಿನ, ಯಾವ ಬಗೆಯ ಪತ್ರ, ಯಾರ್‍ಯಾರ ನಡುವೆ. ನುರಿತವರು ತಮಗೆ ಬೇಕಾದ ಹೆಸರು ಸಿಕ್ಕಿತೆಂದು ನಿಲ್ಲುವುದಿಲ್ಲ, ಆಚೀಚಿನ ವರ್ಷಗಳನ್ನೂ ಓದುತ್ತಾರೆ. ಕಾಗುಣಿತ ಒಂದೇ ಸಮ ಇರುವುದಿಲ್ಲ. ಒಬ್ಬನೇ ಮನುಷ್ಯ ಒಂದು ಕಡೆ ಮನೆತನದ ಹೆಸರಿನಲ್ಲಿ, ಇನ್ನೊಂದು ಕಡೆ ಅಡ್ಡಹೆಸರಿನಲ್ಲಿ ಇರಬಹುದು.

ಮದುವೆಯ ಕರಾರಿನಲ್ಲಿ ತಂದೆತಾಯಿಯ ಹೆಸರು, ಕಸುಬು, ಎಷ್ಟೋ ಸಲ ಫ್ರಾನ್ಸಿನ ಮೂಲ ಊರು, ಜೊತೆಗೆ ಬಂದ ಬಂಧುಗಳು ಏನಾಗಬೇಕೆಂಬ ವಿವರ ಇರುತ್ತದೆ. ರಾಜನ ಖರ್ಚಿನಲ್ಲಿ 1663ರಿಂದ 1673ರವರೆಗೆ ಫ್ರಾನ್ಸಿನಿಂದ ಬಂದ ಸುಮಾರು 800 ಹೆಣ್ಣುಮಕ್ಕಳಲ್ಲಿ ಕೆಲವರು ಒಬ್ಬನ ಜೊತೆ ಕರಾರು ಬರೆಸಿ, ಅದನ್ನು ರದ್ದುಮಾಡಿ, ಇನ್ನೊಬ್ಬನನ್ನು ಮದುವೆಯಾದರು. ಆ ಮೊದಲ ಗಂಡಿನ ಸುದ್ದಿ ಚರ್ಚಿನ ಪುಸ್ತಕಕ್ಕೆ ಗೊತ್ತೇ ಇಲ್ಲ, ನೋಟರಿಯ ಕಡತಕ್ಕೆ ಗೊತ್ತು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ: ಮದುವೆಯಾದ ಮೇಲೂ ಹೆಂಗಸರು ಈ ಪತ್ರಗಳಲ್ಲಿ ತವರಿನ ಹೆಸರಿನಲ್ಲೇ ಕಾಣುತ್ತಾರೆ. ನಮ್ಮ ಹಳೆಯ ಕ್ರಯಪತ್ರಗಳಲ್ಲಿ ‘ಕೋಂ’ ಎಂದು ಗಂಡನ ಹೆಸರು ಬಂತೆಂದರೆ ಆಕೆಯ ತವರು ಅಲ್ಲಿಗೆ ಮರೆಯಾಗುತ್ತದೆ. ಅಲ್ಲಿ ಅಜ್ಜಿಯ ಅಜ್ಜಿಯನ್ನೂ ಹಿಂಬಾಲಿಸಬಹುದು.

ಆದರೆ ಈ ವಿದ್ಯೆಯ ಸೊಗಸೆಲ್ಲ ಇರುವುದು ಸಾವಿನ ನಂತರ ಮನೆಯ ಸ್ವತ್ತನ್ನೆಲ್ಲ ಪಟ್ಟಿಮಾಡುವ ಮಹಜರಿನಲ್ಲಿ. ಆಗ ಗಂಡಹೆಂಡಿರ ಸ್ವತ್ತು ಸಾಮಾನ್ಯವಾಗಿ ಜಂಟಿಯಾಗಿತ್ತು. ಒಬ್ಬರು ತೀರಿಕೊಂಡರೆ ಅರ್ಧ ಉಳಿದವರಿಗೆ, ಅರ್ಧ ಮಕ್ಕಳಿಗೆ. ಇಪ್ಪತ್ತೈದು ತುಂಬದ ಮಕ್ಕಳಿಗೆ ಪೋಷಕರನ್ನು ನೇಮಿಸಬೇಕಿತ್ತು. ಆದ್ದರಿಂದ ಮರುಮದುವೆಯ ಮಾತು ಬಂದಾಗ, ಅಥವಾ ಅದಕ್ಕೂ ಮುಂಚೆಯೇ, ನೋಟರಿ ಬೆಲೆ ಕಟ್ಟುವವರನ್ನು ಕರೆದುಕೊಂಡು ಮನೆಗೆ ಬರುತ್ತಿದ್ದರು. ಕೊಪ್ಪರಿಗೆ, ಕೊಡಲಿ, ತೂತುಬಿದ್ದ ಹೊದಿಕೆ, ಹಸು, ಕಣಜದ ಗೋಧಿ ಒಂದೊಂದಕ್ಕೂ ಆಗಿನ ಫ್ರೆಂಚ್ ಹಣದಲ್ಲಿ ಬೆಲೆ. ಒಂದು ಲಿವ್ರ್‌ಗೆ 20 ಸೋಲ್, ಒಂದು ಸೋಲ್‌ಗೆ 12 ದೆನಿಯೆ. ಓದುತ್ತ ಹೋದರೆ ಆ ಮನೆಯಲ್ಲಿ ಎಷ್ಟು ಹಾಸಿಗೆ ಇತ್ತು, ಏನು ಬೇಯುತ್ತಿತ್ತು, ಯಾವ ಕಸುಬಿನ ಸಾಮಾನಿತ್ತು ಎಂಬುದೆಲ್ಲ ತಿಳಿಯುತ್ತದೆ.

ಅನೇಕರು ಪಾತ್ರೆಪಡಗದ ಪಟ್ಟಿ ಮುಗಿದೊಡನೆ ಓದು ನಿಲ್ಲಿಸಿಬಿಡುತ್ತಾರೆ. ಕೊನೆಯ ಪುಟಗಳಲ್ಲಿ ಪೆಟ್ಟಿಗೆಯಲ್ಲಿದ್ದ ಕಾಗದಗಳ ಪಟ್ಟಿ ಇರುತ್ತದೆ: ಇಂಥ ದಿನ ಇಂಥ ನೋಟರಿ ಬರೆದ ಮದುವೆ ಕರಾರು, ಜಮೀನು ಕೊಂಡ ಪತ್ರ, ತೀರಿಸಿದ ಸಾಲದ ರಸೀದಿ. ಒಂದೊಂದು ನಮೂದೂ ಇನ್ನೊಬ್ಬ ನೋಟರಿಯ ಕಡತಕ್ಕೆ, ಹಿಂದಿನ ತಲೆಮಾರಿಗೆ ದಾರಿ ತೋರಿಸುತ್ತದೆ. ಕೆಲವು ಚಿಕ್ಕ ಪತ್ರಗಳ ಮೂಲವನ್ನೇ ಬರೆಸಿದವರ ಕೈಗೆ ಕೊಟ್ಟುಬಿಡುತ್ತಿದ್ದರು. ಅಂಥವು ಯಾವ ನೋಟರಿಯ ಸಂಗ್ರಹದಲ್ಲೂ ಇಲ್ಲ. ಹಾಗೆ ಕಳೆದುಹೋದ ಪತ್ರಕ್ಕೆ ಎಷ್ಟೋ ಸಲ ಈ ಪಟ್ಟಿಯ ಒಂದು ಸಾಲೇ ಸಾಕ್ಷಿ. ಅದನ್ನು ಅಕ್ಷರಶಃ ನಕಲು ಮಾಡಿಕೊಳ್ಳಬೇಕು, ದಿನಾಂಕ ಮತ್ತು ನೋಟರಿಯ ಹೆಸರಿನ ಸಮೇತ.